ಕೂವಂ ಕಟ್ಟಿದ ಖಂಡ

ಅಥವಾ "ದೋಣಿ ನಿಲ್ಲಿಸಿ" ಎಂದವನು ನಾನೇ ಇರಬಹುದು. ನನ್ನ ಜೊತೆ ಕೆಲಸ ಮಾಡಿದ ಮಲರ್ ಹಾಗೆಯೇ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಆ ಮಾತು ಅವಳ ಬಾಯಲ್ಲಿದೆ, ಅವಳ ನೆನಪಿನಲ್ಲಿ ನನ್ನ ಬಾಯಲ್ಲಿದೆ. ದೋಣಿ ನಡೆಸುತ್ತಿದ್ದ ಅಂತೋಣಿಯನ್ನು ಕೇಳಿದರೆ ಯಾರೂ ಏನೂ ಹೇಳಲಿಲ್ಲ, ಡೈರೆಕ್ಟರ್ ಸಾರ್ ಕೈ ಬೀಸಿದರು, ನಿಲ್ಲಿಸಿದೆ ಎನ್ನುತ್ತಾನೆ. ಡೈರೆಕ್ಟರ್ ನಟೇಶನ್ ಅವರಾದರೋ ತಮ್ಮ ಬೀಳ್ಕೊಡುಗೆಯ ಸಭೆಯಲ್ಲಿ, ವಿಜ್ಞಾನದ ಹಿತಕ್ಕಾಗಿ ಆ ಅಪ್ಪಣೆ ಕೊಟ್ಟವರು ತಾವೇ ಎಂದು ಮೈಕಿನಲ್ಲಿ ಹೇಳಿದರು. ಆ ದಿನ ಮದರಾಸಿನ ಸಮುದ್ರದಡಿಯಿಂದ ಒಂದು ಇಡೀ ಖಂಡ ಕಾಣೆಯಾಯಿತು ಎಂಬುದರಲ್ಲಿ ಮಾತ್ರ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಇಂಥ ನೆನಪುಗಳನ್ನು ಇಟ್ಟುಕೊಂಡು, ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗುವ ಹಾಗೆ ಏನಾದರೂ ಬರೆಯಿರಿ ಎಂದು ಕೆಲವರು ಕೇಳುತ್ತಿದ್ದಾರೆ. ಬರೆಯುತ್ತೇನೆ. ನಂಬುವುದು ನಿಮಗೆ ಬಿಟ್ಟದ್ದು.

ನಮ್ಮದು ಸಮುದ್ರತಳದ ನಕ್ಷೆ ತಯಾರಿಸುವ ಕಚೇರಿ. ಹೆಸರು ಬೇಡ. ಹೆಸರು ಹಾಕಿದರೆ ಈ ಬರಹ ಹಲವು ಮೇಜುಗಳ ಮೇಲೆ ಹಾದು ಬರಬೇಕಾಗುತ್ತದೆ, ಪ್ರತಿ ಮೇಜಿನ ಮೇಲೂ ಒಂದಿಷ್ಟು ಸಾಲುಗಳು ಉಳಿದುಬಿಡುತ್ತವೆ. ನನ್ನ ಬಡ್ತಿಗಳ ವಿಷಯವೂ ಬೇಡ. ಪ್ರತಿ ಬಡ್ತಿಯಲ್ಲೂ ನನ್ನ ಕುರ್ಚಿ ಏರ್‌ಕಂಡೀಷನರಿಗೆ ಹತ್ತಿರವಾಯಿತು, ಸಮುದ್ರದಿಂದ ದೂರವಾಯಿತು, ಅಷ್ಟೇ. ಅಪ್ಪ ನಂಜನಗೂಡಿನಿಂದ ರೈಲ್ವೆ ಕೆಲಸಕ್ಕೆ ಮದರಾಸಿಗೆ ಬಂದು ಇಲ್ಲೇ ನಿಂತವರು. ನಾನು ಹುಟ್ಟಿದ್ದು ರಾಯಪುರಂನಲ್ಲಿ, ಈಗ ಇರುವುದು ಮಾಧವರಂನಲ್ಲಿ. ಮನೆಯಲ್ಲಿ ನಂಜನಗೂಡಿನ ಕನ್ನಡ, ಕಚೇರಿಯಲ್ಲಿ ತಮಿಳು. ಕಚೇರಿಯ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ಸುರಿದಿದ್ದೇನೆ, ಸುರಿಯುವಾಗ ಸ್ವಲ್ಪ ಚೆಲ್ಲಿರುತ್ತದೆ.

ಹೊಸಬರು ಮೊದಲು ತಿಳಿಯಬೇಕಾದದ್ದು ಇದು: ಸಮುದ್ರದ ತಳವನ್ನು ನಾವು ನೋಡುವುದಿಲ್ಲ. ದೋಣಿಯ ಹೊಟ್ಟೆಯಿಂದ ನೀರಿಗೆ ಒಂದು ಸದ್ದು ಬಿಡುತ್ತೇವೆ. ಅದು ತಳಕ್ಕೆ ಬಡಿದು ವಾಪಸು ಬರುತ್ತದೆ. ಹೋಗಿಬರಲು ಹಿಡಿದ ಹೊತ್ತಿನಿಂದ ಆಳವನ್ನು ಲೆಕ್ಕ ಹಾಕುತ್ತೇವೆ. ದೋಣಿ ನೇರ ಗೆರೆಯಲ್ಲಿ ಹೋಗುತ್ತದೆ, ತಿರುಗಿಕೊಂಡು ಪಕ್ಕದ ಗೆರೆಯಲ್ಲಿ ಬರುತ್ತದೆ, ಹೊಲ ಉಳುವವನ ಹಾಗೆ. ಕೊನೆಗೆ ತಾಳೆ ನೋಡಲು ಅಡ್ಡಲಾಗಿ ಕೆಲವು ಗೆರೆ. ವಿದ್ಯೆ ಇಷ್ಟೇ. ಉಳಿದದ್ದು ವಾಂತಿ ತಡೆದುಕೊಳ್ಳುವುದು.

ಒಂದು ತೊಡಕಿದೆ. ನೀರಿನಲ್ಲಿ ಸದ್ದಿನ ವೇಗ ಎಲ್ಲ ದಿನವೂ ಒಂದೇ ಇರುವುದಿಲ್ಲ. ನೀರು ಬೆಚ್ಚಗಿದೆಯೋ ತಣ್ಣಗಿದೆಯೋ, ಉಪ್ಪು ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಬದಲಾಗುತ್ತದೆ. ಆದ್ದರಿಂದ ಕೆಲಸ ಶುರುವಾಗುವ ಮುಂಚೆ ಉಕ್ಕಿನ ಒಂದು ಪ್ರೋಬನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸಿ, ಆವತ್ತಿನ ವೇಗವನ್ನು ಅಳೆದುಕೊಳ್ಳಬೇಕು. ಅದಕ್ಕಾಗಿ ದೋಣಿ ನಿಲ್ಲಿಸಬೇಕು. ಓಡುವ ದೋಣಿಗಿಂತ ನಿಂತ ದೋಣಿ ಹೆಚ್ಚು ಹೊರಳುತ್ತದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುವ ಖಂಡ ನಿಂತಿರುವುದು ಇದರ ಮೇಲೆ.

ನನಗೆ ಕೆಲಸ ಕಲಿಸಿದವರು ಥಾಮಸ್ ಸಾರ್. ಆಗ ಕಂಪ್ಯೂಟರ್ ಪರದೆಯಿರಲಿಲ್ಲ, ಒಂದು ಸೂಜಿ ಕಾಗದವನ್ನು ಸುಡುತ್ತಾ ಆಳದ ಗೆರೆ ಎಳೆಯುತ್ತಿತ್ತು. ಅಂಗಿಗೆಲ್ಲ ಸುಟ್ಟ ವಾಸನೆ. ಮನೆಗೆ ಹೋದರೆ ನನ್ನ ಹೆಂಡತಿ ಲಲಿತ, "ಸಮುದ್ರಕ್ಕೆ ಹೋಗಿದ್ರೋ ಸ್ಮಶಾನಕ್ಕೆ ಹೋಗಿದ್ರೋ?" ಎನ್ನುತ್ತಿದ್ದಳು. ಥಾಮಸ್ ಸಾರ್ ಒಮ್ಮೆ ಬಂದರಿಗೆ ಬರುವ ಹಡಗುಗಳ ದಾರಿಯಲ್ಲೇ ಒಂದು ಗುಡ್ಡ ಕಂಡುಹಿಡಿದರು. ಅಚ್ಚುಕಟ್ಟಾದ ಗುಡ್ಡ, ಕಾಗದದ ಮೇಲೆ ಕಪ್ಪಗೆ ಎದ್ದು ನಿಂತಿತ್ತು. ಹಡಗುಗಳಿಗೆ ಎಚ್ಚರಿಕೆ ಹೋಯಿತು. ಮಾರನೆಯ ದಿನ ಅದೇ ಜಾಗಕ್ಕೆ ಹೋದರೆ ಗುಡ್ಡವಿಲ್ಲ. ಅದು ಮೀನಿನ ಹಿಂಡು, ಈಜಿಕೊಂಡು ಹೋಗಿತ್ತು. ಆ ಮೇಲೆ ಅವರು ನಮಗೆ ಹೇಳಿದ್ದು: ಹೊಸದೇನಾದರೂ ಕಂಡರೆ ಮೊದಲು ದೋಣಿಯನ್ನು ಅನುಮಾನಿಸು, ಆಮೇಲೆ ಯಂತ್ರವನ್ನು, ಆಮೇಲೆ ನಿನ್ನನ್ನು. ಆಗಲೂ ಅದು ಅಲ್ಲೇ ಇದ್ದರೆ, ಆಗ ಸಮುದ್ರವನ್ನು ನಂಬು. ಈ ಮಾತನ್ನು ಅವರು ನಿಜವಾಗಿ ಹೇಳಿದ್ದರೋ, ನಾನು ಹೊಸಬರಿಗೆ ಪಾಠ ಮಾಡುವಾಗ ಅವರ ಬಾಯಿಗೆ ತುರುಕಿದೆನೋ, ಈಗ ತಿಳಿಯುತ್ತಿಲ್ಲ. ಕೇಳೋಣವೆಂದರೆ ಅವರಿಲ್ಲ.

ಕಾಗದ ಹೋಗಿ ಪರದೆ ಬಂತು. ಸೋನಾರ್ ಎಂಬ, ಸದ್ದು ಬಿಟ್ಟು ಅಳೆಯುವ ಹೊಸ ಯಂತ್ರ ಗೆರೆಯ ಬದಲು ಅಗಲವಾದ ಪಟ್ಟೆಯನ್ನೇ ಒಂದು ಸಲಕ್ಕೆ ಅಳೆಯುತ್ತದೆ, ಬಣ್ಣದಲ್ಲಿ ತೋರಿಸುತ್ತದೆ. ಬಣ್ಣ ಬಂದ ದಿನದಿಂದ ನಮ್ಮ ಕಚೇರಿಗೆ ಕಷ್ಟ ಬಂತು. ಕಪ್ಪು ಗೆರೆಯನ್ನು ನೋಡಿ ಯಾರೂ ಕನಸು ಕಾಣುತ್ತಿರಲಿಲ್ಲ. ನಟೇಶನ್ ಸಾರ್ ಡೈರೆಕ್ಟರಾಗಿ ಬಂದವರೇ, ತಳದಲ್ಲಿ ಎತ್ತರವಿರುವ ಜಾಗಕ್ಕೆ ಕಂದು ಬಣ್ಣ ಹಾಕಿ ಎಂದರು. "ಅದನ್ನು ನೋಡಿದರೆ ನೆಲ ಅನ್ನಿಸಬೇಕಯ್ಯಾ. ನೀಲಿ ಹಾಕಿದರೆ ಬರೀ ನೀರು ಅನ್ಸತ್ತೆ." ಅದು ನೀರಿನ ಕೆಳಗಿದೆ ಸಾರ್ ಎಂದು ನಾನು ಹೇಳಬೇಕೆಂದುಕೊಂಡೆ. ಹೇಳಿದೆನೋ ಇಲ್ಲವೋ ಮರೆತಿದೆ. ಕಂದು ಹಾಕಿದೆ ಎಂಬುದು ನೆನಪಿದೆ.

ನಟೇಶನ್ ಸಾರ್ ಕೆಟ್ಟವರಲ್ಲ. ಅವರಿಗೆ ಎರಡು ತೊಂದರೆಗಳಿದ್ದವು. ಒಂದು, ದೋಣಿ ಹತ್ತಿದರೆ ವಾಂತಿ. ಕೈಯಲ್ಲಿ ಸದಾ ನಿಂಬೆಹಣ್ಣು. ಇನ್ನೊಂದು, ಕನ್ಯಾಕುಮಾರಿಯ ಕೆಳಗೆ ಮುಳುಗಿಹೋಯಿತೆಂದು ಜನ ನಂಬುವ ಪುರಾತನ ಖಂಡ. ಅದರ ಮೇಲೆ ಅವರಿಗೆ ಅಪಾರ ಪ್ರೀತಿ. ನಿವೃತ್ತಿಯಾಗುವ ಮುಂಚೆ ಅದರ ಒಂದು ಹೊಸ್ತಿಲನ್ನಾದರೂ ಮುಟ್ಟಬೇಕೆಂಬ ಆಸೆ. ನಮ್ಮ ಕೆಲಸವೆಲ್ಲ ಮದರಾಸಿನ ಎದುರಿನ ಸಮುದ್ರದಲ್ಲಿ. ಕನ್ಯಾಕುಮಾರಿ ಇಲ್ಲಿಂದ ಎಲ್ಲಿ ಸಾರ್ ಎಂದರೆ, "ಖಂಡ ಅಂದ ಮೇಲೆ ಅದಕ್ಕೊಂದು ಉತ್ತರ ಭಾಗ ಇರಲ್ವಾ ವಾಸು?" ಎಂದರು.

ಆ ವರ್ಷ ಸಮುದ್ರದಡಿ ಇಂಟರ್ನೆಟ್ ಕೇಬಲ್ ಹಾಕುವ ದಾರಿಯನ್ನು ಅಳೆಯುವ ಕೆಲಸ ಬಂತು. ಸೊಗಸಿಲ್ಲದ ಕೆಲಸ. ತಮಿಳರ ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ ಮಳೆ ಸುರಿದು ಆಗಷ್ಟೇ ಬಿಡುವು ಕೊಟ್ಟಿತ್ತು. ಮೊದಲ ದಿನ ನಟೇಶನ್ ಸಾರ್ ಕೆಲವು ಗಣ್ಯರನ್ನು ದೋಣಿಗೆ ಕರೆತಂದರು. ರಾಯಪುರಂ ದಕ್ಕೆಯಲ್ಲಿ ಅಂತೋಣಿ ಎಂಜಿನ್ನಿಗೆ ಕರ್ಪೂರ ಬೆಳಗಿ, ಶಿಲುಬೆಯ ಗುರುತು ಹಾಕಿಕೊಂಡು ಹೊರಟ. ಪ್ರೋಬ್ ಇಳಿಸುವ ಜಾಗ ಬಂದಾಗ ಡೈರೆಕ್ಟರ್ ನಿಂಬೆಹಣ್ಣನ್ನು ಮೂಸುತ್ತಾ, "ನಿಲ್ಲಿಸಬೇಡಪ್ಪಾ ಅಂತೋಣಿ, ದೊಡ್ಡವರಿದ್ದಾರೆ" ಎಂದರು. ನಿಲ್ಲಿಸಲಿಲ್ಲ. ಬೇಸಿಗೆಯಲ್ಲಿ ಅಳೆದಿದ್ದ ವೇಗವನ್ನೇ ಯಂತ್ರಕ್ಕೆ ಕೊಟ್ಟು ಕೆಲಸ ಮುಂದುವರಿಯಿತು. ಮಾರನೆಯ ದಿನ, ಅದರ ಮಾರನೆಯ ದಿನ ಕೂಡ. ಒಂದು ಸಲ ದೊಡ್ಡವರಿಗಾಗಿ ಬಿಟ್ಟದ್ದು ನಮ್ಮ ಕಚೇರಿಯಲ್ಲಿ ಬೇಗ ಪದ್ಧತಿಯಾಗುತ್ತದೆ.

ಗೆರೆಗಳನ್ನೆಲ್ಲ ಜೋಡಿಸಿದಾಗ ಪರದೆಯ ಮೇಲೆ ಒಂದು ನಗರ ಎದ್ದಿತು.

ಇದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ, ಆದ್ದರಿಂದಲೇ ಇದರ ಮೇಲೂ ಅನುಮಾನ. ಉದ್ದಕ್ಕೆ ನೇರವಾದ ಬೀದಿಗಳು, ಅವುಗಳ ಎರಡೂ ಬದಿಗೆ ತಗ್ಗಾದ ಗೋಡೆಗಳು, ಅಲ್ಲಲ್ಲಿ ಅಡ್ಡಬೀದಿಗಳು. ಕಂದು ಬಣ್ಣದಲ್ಲಿ. ಮದರಾಸಿನ ಅಣ್ಣಾನಗರ ಬಡಾವಣೆಯನ್ನು ಮೇಲಿಂದ ನೋಡಿದ ಹಾಗೆ. ದಡದ ಹತ್ತಿರ ಬೀದಿಗಳು ಇಕ್ಕಟ್ಟು, ಆಳಕ್ಕೆ ಹೋದ ಹಾಗೆ ಅಗಲ. ನಟೇಶನ್ ಸಾರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕಣ್ಣು ಒದ್ದೆಯಾಗಿತ್ತು.

"ಬಡವರು ಈ ಕಡೆ ಇದ್ದರು ವಾಸು. ಅಗಲ ಬೀದಿ ಇರೋ ಕಡೆ ಶ್ರೀಮಂತರು."

ಪಕ್ಕದಲ್ಲಿ ಮಲರ್, ಪೂರ್ತಿ ಹೆಸರು ಮಲರ್ವಿಳಿ, ನಿಂತಿದ್ದಳು. ಸೋನಾರ್ ಹೇಳಿದ್ದನ್ನು ನೋಡಿ ಅರ್ಥ ಬರೆಯುವ ಕೆಲಸ ಅವಳದು. ನನ್ನ ಕೈಕೆಳಗೆ ಕಲಿತವಳು, ಕಲಿಸಿದವನಿಗಿಂತ ಚುರುಕು. ಗುತ್ತಿಗೆಯ ನೌಕರಿ, ವರ್ಷ ವರ್ಷ ಮುಂದುವರಿಸಬೇಕು. ಮನೆಯಲ್ಲಿ ತಾಯಿ, ಓದುತ್ತಿರುವ ತಂಗಿ, ಮೂವರೂ ಅವಳ ಸಂಬಳದಲ್ಲಿ. ಅವಳನ್ನು ಕಾಯಂ ಮಾಡುವ ಫೈಲು ಬಹಳ ಕಾಲದಿಂದ ಡೈರೆಕ್ಟರ ಮೇಜಿನ ಮೇಲಿತ್ತು.

"ಏನಮ್ಮಾ ಮಲರ್, ಇದು ಏನು ಹೇಳು?"

"ಗೆರೆ, ಸಾರ್."

"ಗೆರೆ ಅಲ್ಲಮ್ಮಾ. ಬೀದಿ."

"ಪ್ರತಿ ಬೀದಿಯ ನಟ್ಟನಡುವೆ ನಮ್ಮ ದೋಣಿ ಹೋಗಿದೆ ಸಾರ್. ಒಂದು ಮನೆಗೂ ತಾಗದೆ."

"ಅದು ಅಂತೋಣಿಯ ಕೈಗುಣ."

ಅವಳು ಸುಮ್ಮನಾಗಲಿಲ್ಲ. ಮಳೆ ಬಂದು ಕೂವಂ ನದಿ ಊರಿನ ನೀರನ್ನೆಲ್ಲ ಹೊತ್ತು ಸಮುದ್ರಕ್ಕೆ ಸುರಿದಿದೆ, ಆ ಸಿಹಿನೀರು ಉಪ್ಪುನೀರಿನ ಮೇಲೆ ಪದರವಾಗಿ ಹರಡಿದೆ, ಬೇಸಿಗೆಯ ವೇಗ ಇಲ್ಲಿ ಹೊಂದುವುದಿಲ್ಲ, ಅದಕ್ಕೇ ಪ್ರತಿ ಪಟ್ಟೆಯ ಅಂಚೂ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಮೇಲಕ್ಕೆ ಬಾಗಿದೆ, ಎರಡು ಪಟ್ಟೆಗಳ ಅಂಚು ಕೂಡಿದ ಕಡೆ ಗೋಡೆ ಕಾಣುತ್ತಿದೆ ಎಂದಳು. ಆಳಕ್ಕೆ ಹೋದ ಹಾಗೆ ನಾವೇ ಗೆರೆಗಳನ್ನು ದೂರ ದೂರ ಹಾಕುತ್ತೇವೆ, ಶ್ರೀಮಂತರ ಬೀದಿಯ ಅಗಲ ಅಲ್ಲಿಂದ ಬಂತು ಎಂದಳು.

ನಟೇಶನ್ ಸಾರ್ ಪೂರ್ತಿ ಕೇಳಿಸಿಕೊಂಡರು. "ಅಂದರೆ ಕೂವಂ ಕಟ್ಟಿದ ನಗರ ಅಂತೀಯ?"

"ಹೌದು ಸಾರ್."

"ನದಿ ದಡದಲ್ಲಿ ತಾನೇ ಅಮ್ಮಾ ನಾಗರಿಕತೆ ಹುಟ್ಟೋದು!" ಎಂದು ಅವಳ ಬೆನ್ನು ತಟ್ಟಿ ಹೊರಟುಹೋದರು.

ವರದಿ ಇನ್ನೂ ಬರೆದಿರಲಿಲ್ಲ, ಸುದ್ದಿ ಹೊರಗೆ ಹೋಯಿತು. ಕೋಡಂಬಾಕ್ಕಂನ ಒಂದು ಗ್ರಾಫಿಕ್ಸ್ ಅಂಗಡಿಗೆ ನಮ್ಮ ನಕ್ಷೆ ಕೊಟ್ಟು ವಿಡಿಯೊ ಮಾಡಿಸಿದರು. ಅಂಗಡಿಯವರಿಗೆ ಪೌರಾಣಿಕ ಧಾರಾವಾಹಿಗಳ ಅಭ್ಯಾಸ. ಗೋಡೆಗಳ ಮೇಲೆ ಮಹಡಿಗಳೆದ್ದವು, ಗೋಪುರಗಳೆದ್ದವು, ಬೀದಿಯಲ್ಲಿ ಆನೆ ನಡೆದುಹೋಯಿತು. ಬೀದಿ ದೀಪವನ್ನೂ ಹಾಕಿದ್ದರು. ಡೈರೆಕ್ಟರ್ ಅದನ್ನು ತೆಗೆಸಿದರು. ವಿಜ್ಞಾನಿಗಳು ನಾವು, ಅಷ್ಟು ಮುಂದೆ ಹೋಗಬಾರದು ಎಂದರು.

ಟಿವಿಯಲ್ಲಿ ಪರದೆಯ ಪಕ್ಕ ನಾನೂ ಒಂದು ಕ್ಷಣ ಕಂಡೆ. "ಅಪ್ಪಾ, ನೀಂಗ ಟಿವಿಲ ವರೀಂಗ!" ಎಂದು ಮಗಳು ತಮಿಳಿನಲ್ಲಿ ಕೂಗಿದಳು. ಲಲಿತ ಅಡುಗೆಮನೆಯಿಂದ ಬಂದು ನೋಡಿ, "ಅದು ಯಾಕೆ ಕಳ್ಳನ ಹಾಗೆ ನಿಂತಿದ್ದೀರಿ?" ಎಂದಳು.

ನಮ್ಮ ಬಡಾವಣೆಯ ಕನ್ನಡ ಬಳಗಕ್ಕೂ ಸುದ್ದಿ ಮುಟ್ಟಿತು. ಅಧ್ಯಕ್ಷರು ಅನಂತರಾಮಯ್ಯ, ವಿಮೆಯ ಕೆಲಸದಿಂದ ನಿವೃತ್ತರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕಾಫಿಯ ಹೊತ್ತಿಗೆ ಪಕ್ಕಕ್ಕೆ ಕರೆದರು.

"ವಾಸು ಅವರೇ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ಆ ಊರಲ್ಲಿ ಯಾವ ಭಾಷೆ ಆಡ್ತಿದ್ರು?"

"ಅದು ಸೋನಾರಿನಲ್ಲಿ ಗೊತ್ತಾಗಲ್ಲ, ಸ್ವಾಮಿ."

"ಸರಿ ಬಿಡಿ. ಆದ್ರೂ ಅಷ್ಟು ದೊಡ್ಡ ಊರು. ನಮ್ಮೋರದ್ದೂ ಒಂದು ಬೀದಿ ಇದ್ದೇ ಇರತ್ತೆ. ಸ್ವಲ್ಪ ಕಣ್ಣಿಟ್ಟು ನೋಡಿ."

"ಊರೇ ಇಲ್ಲ ಅಂತ ನಮ್ಮ ಹುಡುಗಿ ಹೇಳ್ತಾಳೆ."

"ಯಾವ ಹುಡುಗಿ? ತಮಿಳರೋಳೋ?" ಅವರು ಅರ್ಥವಾದವರಂತೆ ತಲೆಯಾಡಿಸಿದರು. "ಅವಳಿಗೆ ನಮ್ಮ ಬೀದಿ ಕಂಡಿರಬೇಕು!"

ಇಷ್ಟರಲ್ಲಿ ವರದಿ ತಯಾರಾಯಿತು. ಅರ್ಥ ಬರೆಯುವವಳ ಸಹಿಯಿಲ್ಲದೆ ಅದು ಹೊರಗೆ ಹೋಗುವಂತಿರಲಿಲ್ಲ. ಡೈರೆಕ್ಟರು ಮಲರಳನ್ನು ಕರೆದು, ವರದಿಯನ್ನೂ ಅವಳ ಕಾಯಂ ಫೈಲನ್ನೂ ಅಕ್ಕಪಕ್ಕ ಇಟ್ಟರು. ಬೆದರಿಸಲಿಲ್ಲ. "ಎರಡೂ ಒಂದೇ ದಿನ ಮುಗಿಸಿಬಿಡೋಣಮ್ಮಾ" ಎಂದರು, ಮದುವೆ ಮತ್ತು ಆರತಕ್ಷತೆಯ ವಿಷಯ ಮಾತಾಡುವ ಹಾಗೆ. ನಾನು ಅಲ್ಲೇ ಕುಳಿತಿದ್ದೆ. ನನ್ನ ನಿವೃತ್ತಿಗೆ ಕೆಲವೇ ವಾರಗಳಿದ್ದವು.

ಮಲರ್ ಎರಡನ್ನೂ ನೋಡಿದಳು. "ಒಂದು ಸಲ ಓರೆಯಾಗಿ ಹೋಗಿಬರೋಣ ಸಾರ್" ಎಂದಳು. "ಹಳೆ ಗೆರೆಗಳ ಮೇಲೆ ಮೂಲೆಯಿಂದ ಮೂಲೆಗೆ. ಬೀದಿ ಇದ್ದ ಕಡೆಯೇ ಇದ್ದರೆ ಸಹಿ ಹಾಕ್ತೀನಿ. ದೋಣಿ ಜೊತೆ ಬೀದಿಯೂ ತಿರುಗಿದರೆ ಹಾಕಲ್ಲ."

"ತಿರುಗಲ್ಲ" ಎಂದರು ಡೈರೆಕ್ಟರ್. "ನಾನೇ ಬರ್ತೀನಿ." ಅವರು ನಿಜವಾಗಿ ನಂಬಿದ್ದರು. ಮೋಸಗಾರರ ಜೊತೆ ಕೆಲಸ ಮಾಡುವುದು ಇದಕ್ಕಿಂತ ಸುಲಭ.

ಹಿಂದಿನ ದಿನವೂ ಮಳೆಯಾಗಿತ್ತು. ಬಂದರಿನ ಗೋಡೆ ದಾಟುತ್ತಲೇ ಕೂವಂ ನೀರು ಚಹಾದ ಬಣ್ಣದಲ್ಲಿ ನಮ್ಮ ಜೊತೆಗೇ ಬರುತ್ತಿತ್ತು. ಈ ಸಲವೂ ಪ್ರೋಬ್ ಇಳಿಸದೆ ಹೊರಟೆವು. ಡೈರೆಕ್ಟರ ನಿಂಬೆಹಣ್ಣು ಆಗಲೇ ಅರ್ಧ ಹಿಂಡಿಹೋಗಿತ್ತು. ಅಂತೋಣಿ ದೋಣಿಯನ್ನು ಓರೆಗೆ ತಿರುಗಿಸಿದ. ನಾವು ಪರದೆಯ ಮುಂದೆ ನಿಂತೆವು. ದೋಣಿ ಹೋದ ದಿಕ್ಕಿಗೇ ಕಂದು ಗೋಡೆಗಳು ಏಳತೊಡಗಿದವು, ಓರೆಯಾಗಿ, ಹಳೆಯ ಬೀದಿಗಳನ್ನು ಕತ್ತರಿಸಿಕೊಂಡು. ಬೀದಿ ತಿರುಗಿತ್ತು.

ನಟೇಶನ್ ಸಾರ್ ಪರದೆಯ ಮೇಲೆ ಬಾಗಿದರು. ಅವರ ಮುಖ ಬೆಳಗಿತು.

"ಇನ್ನೊಂದು ಬಡಾವಣೆ!"

"ಸಾರ್..." ಎಂದಳು ಮಲರ್.

"ಹಳೇ ಊರಿನ ಮೇಲೆ ಹೊಸ ಊರು ಕಟ್ಟಿದ್ದಾರಮ್ಮಾ! ಎರಡು ಕಾಲ!"

"ನಮ್ಮ ತಾತ ಇದೇ ಜಾಗದಲ್ಲಿ ಬಲೆ ಹರಿದುಕೊಂಡಿದ್ದು ಸಾರ್" ಎಂದು ಅಂತೋಣಿ ಚುಕ್ಕಾಣಿಯಿಂದಲೇ ಸೇರಿಸಿದ. "ಬಂಗಲೆ ಮೂಲೆಗೆ ಸಿಕ್ಕಿರಬೇಕು."

ಇಲ್ಲಿಂದ ಮುಂದೆ ನಾಲ್ಕು ಕಥೆಗಳಿವೆ ಎಂದು ಮೊದಲೇ ಹೇಳಿದೆ. ಯಾರೋ ದೋಣಿ ನಿಲ್ಲಿಸಿ ಎಂದರು, ಅಥವಾ ಯಾರೂ ಎನ್ನಲಿಲ್ಲ, ಅಥವಾ ಸಂಭ್ರಮದಲ್ಲೋ ಸಂಕಟದಲ್ಲೋ ಡೈರೆಕ್ಟರ ಕೈ ಮೇಲೆ ಹೋಯಿತು. ಎಂಜಿನ್ ತಗ್ಗಿತು. ನಿಂತ ದೋಣಿ ಹೊರಳತೊಡಗಿತು. ನಟೇಶನ್ ಸಾರ್ ಎದ್ದು ಓಡಿ, ಕಟಾಂಜನ ಹಿಡಿದು ಸಮುದ್ರದ ಕಡೆ ಬಾಗಿದರು. ಆ ಬದಿಯಲ್ಲಿ ಅವರು ಬಾಗಿರುವಷ್ಟು ಹೊತ್ತು ಈ ಬದಿಯಲ್ಲಿ ಪ್ರೋಬ್ ಇಳಿಯಿತು, ತಳ ಮುಟ್ಟಿತು, ಮೇಲೆ ಬಂತು. ಮಲರ್ ಹೊಸ ವೇಗವನ್ನು ಯಂತ್ರಕ್ಕೆ ಕೊಟ್ಟಳು. ಅಂತೋಣಿ ಅದೇ ಗೆರೆಗಳಲ್ಲಿ ಮತ್ತೊಮ್ಮೆ ಹೋದ, ಹಳೆಯ ಗೆರೆಗಳಲ್ಲೂ ಕೆಲವನ್ನು ಹಿಡಿದು ಬಂದ. ಡೈರೆಕ್ಟರ್ ಬಾಯಿ ಒರೆಸಿಕೊಂಡು ಒಳಗೆ ಬಂದಾಗ ಪರದೆಯ ಮೇಲೆ ಬರೀ ಕೆಸರು, ಮೊಸರು ಹೆಪ್ಪುಗಟ್ಟಿದ ಹಾಗೆ ಸಮತಟ್ಟಾದ ಕೆಸರು.

ಅವರು ಬಹಳ ಹೊತ್ತು ನೋಡಿದರು. "ಎಲ್ಲಿ?" ಎಂದರು. ಆ ಒಂದು ಪದದಲ್ಲಿ ಅಧಿಕಾರವಿರಲಿಲ್ಲ. ಸಂತೆಯಲ್ಲಿ ಕೈಬಿಟ್ಟುಹೋದ ಮಗು ಎಲ್ಲಿ ಎಂದು ಕೇಳುವ ಹಾಗಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ಸಾರ್, ಇಲ್ಲಿ ನೋಡಿ" ಎಂದಳು ಮಲರ್. ಕೆಸರಿನ ನಡುವೆ ಒಂದು ಕಡೆ ತಗ್ಗಾದ ದಿಬ್ಬವಿತ್ತು, ಬಿಲ್ಲಿನ ಹಾಗೆ ಬಾಗಿದ್ದು. ಹಿಂದಿನ ಚಿತ್ರದಲ್ಲಿ ಅದು ಗೋಡೆಗಳ ಗದ್ದಲದಲ್ಲಿ ಕಳೆದುಹೋಗಿತ್ತು. ಉದ್ದ ಗೆರೆಯಲ್ಲಿ ಹೋದಾಗಲೂ ಇತ್ತು, ಓರೆ ಗೆರೆಯಲ್ಲೂ ಇತ್ತು, ಬೇಸಿಗೆಯ ವೇಗದಲ್ಲೂ ಆವತ್ತಿನ ವೇಗದಲ್ಲೂ ಇತ್ತು. ದೋಣಿ ತಿರುಗಿದರೂ ಅದು ತಿರುಗಿರಲಿಲ್ಲ. "ಇದನ್ನ ಹತ್ತಿರದಿಂದ ನೋಡಬೇಕು ಸಾರ್. ಕ್ಯಾಮರಾ ಇಳಿಸಬೇಕು."

"ಅದು ಬೀದಿ ಅಲ್ವಲ್ಲಾ" ಎಂದರು ನಟೇಶನ್ ಸಾರ್.

ವರದಿಯ ಭಾಷೆ ಬದಲಾಯಿತು. ಇತ್ತೀಚೆಗೆ ಕೆಸರು ಮುಚ್ಚಿಕೊಂಡದ್ದರಿಂದ ನಗರ ಸದ್ಯ ಕಾಣಿಸುತ್ತಿಲ್ಲ ಎಂದಾಯಿತು. ಮಲರ್ ಅದಕ್ಕೂ ಸಹಿ ಹಾಕಲಿಲ್ಲ. ಡೈರೆಕ್ಟರು ನನ್ನ ಕಡೆ ತಿರುಗಿ, "ನೀವಾದರೂ ಒಂದು ಹೆಸರು ಮಾಡಿ ಹೋಗಿ ವಾಸು" ಎಂದರು. ನಾನೂ ಹಾಕಲಿಲ್ಲ. ಇದನ್ನು ಧೈರ್ಯವೆಂದು ಓದಬೇಡಿ. ನನ್ನ ಪಿಂಚಣಿ ಆಗಲೇ ಮಂಜೂರಾಗಿತ್ತು. ಅವಳಿಗೆ ಹಾಗೇನೂ ಮಂಜೂರಾಗಿರಲಿಲ್ಲ. ಎರಡು "ಇಲ್ಲ"ಗಳು ಕಾಗದದ ಮೇಲೆ ಒಂದೇ ಥರ ಕಾಣುತ್ತವೆ, ತೂಕ ಬೇರೆ.

ಅವಳ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣ ಯಾರೂ ಕೊಡಲಿಲ್ಲ. ಮುಂದುವರಿಸದಿರುವುದಕ್ಕೆ ಕಾರಣ ಕೊಡಬೇಕಾಗಿಲ್ಲ ಎಂಬುದೇ ಗುತ್ತಿಗೆಯ ಅನುಕೂಲ. ಕೊನೆಯ ದಿನ ಅವಳು ನನ್ನ ಮೇಜಿನ ಬಳಿ ಬಂದು, "ಸಾರ್, ಆ ದಿಬ್ಬ ಮಾತ್ರ ಬಿಟ್ಟುಬಿಡಬೇಡಿ" ಎಂದಳು. ಕ್ಯಾಮರಾ ಕೇಳಿ ಬರೆದೆ. ಯಾವ ಉದ್ದೇಶಕ್ಕಾಗಿ ಎಂದು ಮೇಲಿನಿಂದ ಪ್ರಶ್ನೆ ಬಂತು. ಏನೆಂದು ತಿಳಿಯಲು ಎಂದು ಬರೆದೆ. ಏನೆಂದು ತಿಳಿಯದ ವಸ್ತುವಿಗೆ ಕ್ಯಾಮರಾ ಕೊಡುವ ಏರ್ಪಾಡಿಲ್ಲ ಎಂದು ಉತ್ತರ ಬರುವಷ್ಟರಲ್ಲಿ ನನ್ನ ಬೀಳ್ಕೊಡುಗೆಯೂ ಮುಗಿದಿತ್ತು.

ಮಲರ್ ಬಹಳ ದಿನ ಕೆಲಸವಿಲ್ಲದೆ ಇದ್ದಳು. ಈಗ ಕೇಬಲ್ ನೋಡಿಕೊಳ್ಳುವ ಒಂದು ಖಾಸಗಿ ಕಂಪನಿಯ ಹಡಗಿನಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು.

"ಸಾರ್, ನಮ್ಮ ಕೇಬಲ್ ಹಾಕಿದ್ದಾರಲ್ಲ, ಎಲ್ಲ ಕಡೆ ನೇರ ಇದೆ. ಆ ದಿಬ್ಬದ ಹತ್ತಿರ ಮಾತ್ರ ಸುತ್ತಿಕೊಂಡು ಹೋಗಿದೆ."

"ಯಾಕಂತೆ?"

"ಏನು ಅಂತ ಗೊತ್ತಿಲ್ಲದ್ದನ್ನ ಬಳಸಿಕೊಂಡು ಹೋಗೋದು ಕೇಬಲಿನವರ ರೂಲು ಸಾರ್."

"ನೀನು ಅದರ ಮೇಲೆ ಹೋಗ್ತೀಯಾ?"

"ಪಕ್ಕದಲ್ಲಿ ಹೋಗ್ತೀನಿ. ನಿಲ್ಲಿಸೋಕೆ ಅನುಮತಿ ಇಲ್ಲ." ಆಮೇಲೆ ಕೇಳಿದಳು: "ಅದು ಏನಿರಬಹುದು ಸಾರ್?"

ಕೋಡಂಬಾಕ್ಕಂನ ಆ ವಿಡಿಯೊ ಇನ್ನೂ ಓಡಾಡುತ್ತಿದೆ. ಅನಂತರಾಮಯ್ಯನವರು ಹಬ್ಬ ಹಬ್ಬಕ್ಕೂ ನನಗೆ ಕಳಿಸುತ್ತಾರೆ, ಆನೆಯ ಸಮೇತ. ಎಲ್ಲೋ ದೂರದ ದೇಶದ ಕಂಪ್ಯೂಟರಿನಿಂದ ಹೊರಟು, ಸಮುದ್ರದಡಿಯ ಕೇಬಲಿನಲ್ಲಿ ಓಡಿ, ಆ ದಿಬ್ಬವನ್ನು ಸುತ್ತು ಹಾಕಿಕೊಂಡು ಮಾಧವರಂಗೆ ಬಂದು ನನ್ನ ಫೋನಿನಲ್ಲಿ ತೆರೆದುಕೊಳ್ಳುತ್ತದೆ ಎಂದು ನಾನು ಊಹಿಸಿಕೊಳ್ಳುತ್ತೇನೆ. ಅದು ಬೇರೆ ದಾರಿಯಲ್ಲೂ ಬರುತ್ತಿರಬಹುದು.

ಹೊಸದಾಗಿ ಬರುವವರೇ, ನಾನು ಇಷ್ಟೆಲ್ಲ ಬರೆದದ್ದು ಗೆರೆಗಳ ನಡುವಿನ ಜಾಗವನ್ನು ಊಹೆಯಿಂದ ತುಂಬಿಕೊಂಡು. ನನ್ನ ಅಂಚುಗಳೂ ಬಾಗಿರುತ್ತವೆ. ದೋಣಿ ನಿಲ್ಲಿಸಲು ಹೇಳಿದವರು ಯಾರೆಂದು ನನಗೆ ಗೊತ್ತಿಲ್ಲ. ಮಲರಳಿಗೆ ಕೊಟ್ಟ ಉತ್ತರ ಮಾತ್ರ ಸರಿಯಾಗಿದೆ, ಅದನ್ನೇ ಇಲ್ಲಿಯೂ ಬರೆಯುತ್ತೇನೆ. ಅದು ಕಲ್ಲಿರಬಹುದು, ಮುರಿದ ಹಡಗಿರಬಹುದು, ಯಾರೋ ಕಟ್ಟಿದ್ದಿರಬಹುದು. ನಮ್ಮ ದೋಣಿ ಮಾಡಿದ್ದಲ್ಲ ಎನ್ನುವವರೆಗೆ ಗೊತ್ತು. ಅದರಾಚೆ ಗೊತ್ತಿಲ್ಲ.